ಬರೆಯದೆ ಬಿಟ್ಟ ತ್ರಿಭುಜ

೨೦೧೭ರ ನವೆಂಬರ್ ೧೨, ಭಾನುವಾರ. ಚಿತ್ರದುರ್ಗದಲ್ಲಿ ಬೆಳಗಿನಿಂದ ಮೋಡ. ಗಾಳಿ ಇತ್ತು, ಮಳೆ ಬರಲಿಲ್ಲ.

"ನಾನು ಬರೆದ ಚಿತ್ರದಲ್ಲಿ ತಪ್ಪಿಲ್ಲ ಸರ್. ಬರೆಯದೆ ಬಿಟ್ಟ ಚಿತ್ರಕ್ಕೆ ದಂಡ ಯಾಕೆ?" ಎಂದು ತಸ್ಮಿಯಾ ಕೇಳಿದಳು.

ಮರುಳಸಿದ್ಧಪ್ಪ ಮೇಷ್ಟರು ಭಾನುವಾರಗಳಂದು ತಮ್ಮ ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ಗಣಿತ ಒಲಿಂಪಿಯಾಡ್‌ಗೆ ತಯಾರು ಮಾಡುತ್ತಿದ್ದರು. ಅಂದಿನ ಅಭ್ಯಾಸ ಪತ್ರಿಕೆಯಲ್ಲಿ ಮುಂದಿದ್ದ ಇಬ್ಬರ ಹೆಸರನ್ನು ತರಬೇತಿ ಶಿಬಿರಕ್ಕೆ ಕಳಿಸುವವರಿದ್ದರು. ಸಂಖ್ಯಾಸಿದ್ಧಾಂತದ ಲೆಕ್ಕಗಳನ್ನು ತಸ್ಮಿಯಾ ಚೊಕ್ಕವಾಗಿ ಬಿಡಿಸಿದ್ದಳು. ತ್ರಿಭುಜದ ಲೆಕ್ಕದಲ್ಲಿ ಅರ್ಧ ಅಂಕ ಹೋಗಿತ್ತು. ಅಷ್ಟರಿಂದ ಅವಳು ಮೂರನೆಯವಳಾಗಿದ್ದಳು.

ಮೂರು ಮೂಲೆಗಳಿಗೂ ಸಮದೂರದಲ್ಲಿರುವ ಪರಿಕೇಂದ್ರವನ್ನು ತ್ರಿಭುಜದ ಒಳಗಿಟ್ಟು, ಅಲ್ಲಿನ ಕೋನಗಳನ್ನು ಕೂಡಿಸಿ ಅವಳು ಸಾಧನೆ ಮುಗಿಸಿದ್ದಳು. ತ್ರಿಭುಜದ ಒಂದು ಕೋನ ವಿಶಾಲವಾಗಿದ್ದರೆ, ಅಂದರೆ ತೊಂಬತ್ತು ಡಿಗ್ರಿ ಮೀರಿದ್ದರೆ, ಆ ಕೇಂದ್ರ ಹೊರಗೆ ಬೀಳುತ್ತದೆ; ಆಗ ಒಂದು ಕೋನವನ್ನು ಕೂಡಿಸುವುದಲ್ಲ, ಕಳೆಯಬೇಕು. ಆ ಚಿತ್ರ ಅವಳ ಹಾಳೆಯಲ್ಲಿ ಇರಲಿಲ್ಲ. "ಚಿತ್ರ ಮಾತ್ರ ಚೆಂದ ಬರೆದಿದ್ದೀಯ, ಡ್ರಾಯಿಂಗ್ ಪರೀಕ್ಷೆಗೆ ಹೋಗು" ಎಂದು ಹೇಳಿ ಪ್ರಮಥ ಸೈಕಲ್ ಹತ್ತಿದ್ದ. ಅವನು ಎರಡನೆಯವನು.

"ಸಂಖ್ಯೆಯ ಲೆಕ್ಕದಲ್ಲಿ ಸಮ, ಬೆಸ ಎರಡನ್ನೂ ನೋಡಿದ್ದೀಯಲ್ಲಮ್ಮ. ಇಲ್ಲಿ ಯಾಕೆ ಒಂದನ್ನೇ ನೋಡಿದೆ?" ಎಂದರು ಮೇಷ್ಟರು.

"ತ್ರಿಭುಜ ಅಂದ ತಕ್ಷಣ ಕೈ ಹಾಗೇ ಬರೆಯುತ್ತೆ ಸರ್."

"ನನ್ನ ಕೈಯೂ ಹಾಗೇ ಬರೆಯುತ್ತೆ. ಕೂತ್ಕೋ." ಮೇಷ್ಟರು ಪತ್ರಿಕೆಯನ್ನು ಪಕ್ಕಕ್ಕಿಟ್ಟು ಕತೆ ಹೇಳಿದರು.

ಮೂರು ಹಟ್ಟಿಗಳಿದ್ದವು. ಮೂರಕ್ಕೂ ಸೇರಿ ಒಂದು ಬಾವಿ ತೋಡುವ ಮಾತಾಯಿತು. ಯಾವ ಹಟ್ಟಿಗೂ ಬಾವಿ ಹತ್ತಿರವಾಗಬಾರದು, ಯಾವ ಹಟ್ಟಿಗೂ ದೂರವಾಗಬಾರದು ಎಂದು ಹಿರಿಯರು ಹಟ ಹಿಡಿದರು. ಒಬ್ಬ ಅಳತೆಗಾರನನ್ನು ಕರೆಸಿದರು.

ಅಳತೆಗಾರ ಕೆಲಸ ಬಲ್ಲವನು. ಅನೇಕ ಕಡೆ ಹೀಗೆ ಬಾವಿಗೆ ಜಾಗ ತೋರಿಸಿದ್ದ. ಎಲ್ಲಿಯೂ ಅವನ ಅಳತೆಯ ಹಗ್ಗ ತಪ್ಪಿರಲಿಲ್ಲ. ಅವನು ಮರಳಿನಲ್ಲಿ ಮೂರು ಚುಕ್ಕೆ ಇಟ್ಟ. ಅವುಗಳ ನಡುವೆ ಬೆರಳೂರಿ, "ಬಾವಿ ಇಲ್ಲಿ ಬರುತ್ತದೆ" ಎಂದ. ಹಿರಿಯರಿಗೆ ಅದು ಒಪ್ಪಿಗೆಯಾಯಿತು.

ಆಣೆ ಆಗುವ ಮೊದಲು ನೆಲದ ಮೇಲೆ ಹಗ್ಗ ಹಾಕಬಾರದು ಎಂಬುದು ಆ ಹಟ್ಟಿಗಳ ಕಟ್ಟಳೆ. ಹಗ್ಗ ಹಾಕಿದರೆ ಲಾಭ ಯಾರ ಕಡೆಗೆ ಎಂಬುದು ಮೊದಲೇ ಕಾಣುತ್ತದೆ. ಆಮೇಲೆ ಯಾರೂ ಆಣೆ ಇಡುವುದಿಲ್ಲ. ಆದ್ದರಿಂದ ಮರಳಿನ ಚಿತ್ರವನ್ನು ನೋಡಿಯೇ ಮೂವರು ಹಿರಿಯರು ಉಪ್ಪು ಮುಟ್ಟಿ ಆಣೆ ಇಟ್ಟರು. ಅಳತೆ ಎಲ್ಲಿ ಸಮ ಬರುತ್ತದೋ ಅಲ್ಲಿಯೇ ಬಾವಿ. ಮಾತಿಗೆ ತಪ್ಪಿದ ಹಟ್ಟಿ ಆ ನೀರು ಮುಟ್ಟುವಂತಿಲ್ಲ.

ಮರುದಿನ ಅಳತೆಗಾರ ಹಗ್ಗ ಹಿಡಿದು ನಡೆದ. ಹಟ್ಟಿಗಳು ಗುಡ್ಡದ ಬುಡದಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದವು. ಸಮದೂರದ ಜಾಗ ಅವುಗಳ ನಡುವೆ ಸಿಗಲಿಲ್ಲ. ಅವನು ಬಯಲು ದಾಟಿದ, ಹಳ್ಳ ದಾಟಿದ. ಮೂರು ಕಡೆಯ ಅಳತೆ ಸಮ ಬಂದಾಗ ಮೂರು ಹಟ್ಟಿಗಳೂ ಕಣ್ಣಿಗೆ ಕಾಣುತ್ತಿರಲಿಲ್ಲ.

ಅಳತೆಗಾರ ಹಿರಿಯರಲ್ಲಿಗೆ ಬಂದು, ತಲೆ ತಗ್ಗಿಸಿ ಹೇಳಿದ: "ನಡುವಿನ ಹಟ್ಟಿಯ ಪಕ್ಕದಲ್ಲೇ ತೋಡಿರಪ್ಪ. ಆಚೆಯವರಿಗೂ ಈಚೆಯವರಿಗೂ ಅದೇ ಹತ್ತಿರ."

"ನಡುವಿನವರು ಮನೆ ಬಾಗಿಲಲ್ಲಿ ನೀರು ಸೇದಿಕೊಂಡಿರಲಿ, ನಾವು ನಡೆದು ಬರೋಣ ಅನ್ನು," ಎಂದ ಮೊದಲನೆಯ ಹಿರಿಯ. "ಉಪ್ಪು ಮುಟ್ಟಿಸಿದವನು ನೀನೇ ತಾನೆ?"

ನಡುವಿನ ಹಟ್ಟಿಯ ಹಿರಿಯ, ತನ್ನ ಲಾಭಕ್ಕೆ ಮಾತಾಡಿದಂತಾದೀತೆಂದು, ಹಳ್ಳದ ಆಚೆಯ ಜಾಗಕ್ಕೇ ತಲೆಯಾಡಿಸಿದ.

ಹಳ್ಳದ ಆಚೆಯೇ ಬಾವಿ ತೋಡಿದರು. ನೀರು ಬಂತು, ಸಿಹಿನೀರು. ಮೂರು ಹಟ್ಟಿಗೂ ದಾರಿ ಒಂದೇ ಅಳತೆ. ಇನ್ನೊಂದು ಹಟ್ಟಿಯ ಮೇಲೆ ದೂರು ಹೇಳಲು ಯಾರಿಗೂ ಏನೂ ಉಳಿಯಲಿಲ್ಲ.

ಮೇಷ್ಟರು ಕತೆ ನಿಲ್ಲಿಸಿದರು. ತಸ್ಮಿಯಾ ತನ್ನ ಹಾಳೆಯ ಮೇಲಿನ ತ್ರಿಭುಜವನ್ನು ನೋಡಿದಳು. ಮೂರು ಬದಿಯೂ ಅಂದವಾಗಿತ್ತು, ಕೇಂದ್ರ ನಡುವೆಯೇ ಇತ್ತು. ಅಳತೆಗಾರ ಸುಳ್ಳು ಹೇಳಿದವನಲ್ಲ ಎಂದು ಅವಳಿಗೆ ಅನಿಸಿತು. ಅವನ ಮೇಲೆ ಕನಿಕರವೂ ಬಂತು.

"ಅವನಿಗೆ ಎಷ್ಟು ದಂಡ ಹಾಕಿದರು ಸರ್?" ಎಂದು ಕೇಳಿದಳು.

"ಅವನಿಗೆ ಯಾರೂ ದಂಡ ಹಾಕಲಿಲ್ಲಮ್ಮ, ಅವನು ಬರೆಯದೆ ಬಿಟ್ಟ ಚಿತ್ರದ ದಂಡವನ್ನು ಮೂರು ಹಟ್ಟಿಯ ಹೆಂಗಸರು ದಿನಾ ತಲೆಯ ಮೇಲೆ ಹೊತ್ತು ತೆತ್ತರು."