ಬಾಟಲಿಯ ಪಕ್ಕದ ಕೆಂಪು ಚೀಟಿ

ಕೊಳವೆಬಾವಿಯ ನೀರಿಗೆ ಅದ್ದಿದ ಪರೀಕ್ಷೆಯ ಚೀಟಿ ಕೆಂಪಾಯಿತು. ಅಂದರೆ ನೀರಿನಲ್ಲಿ ಸೀಸದ ವಿಷವಿದೆ. ಪಂಪಿಗೆ ಬೀಗ ಹಾಕಿಸಿ ಎಂದು ಪಂಚಾಯಿತಿ ಅಧ್ಯಕ್ಷರಿಗೆ ಹೇಳಿದ, ಊರಿಗೆ ನೀರು ಬಿಡುವ ನೀರುಗಂಟಿ. ಸುದ್ದಿ ತಿಳಿದು ಪಕ್ಕದಲ್ಲೇ ಸೀಸ ಬಳಸುವ ಬ್ಯಾಟರಿ ಕಾರ್ಖಾನೆಯ ಮ್ಯಾನೇಜರು ಪಂಚಾಯಿತಿಗೆ ಓಡಿಬಂದರು. ಹೊರಗೆ ಹೆಂಗಸರು ಖಾಲಿ ಕೊಡ ಹಿಡಿದು ಚಡಪಡಿಸುತ್ತಿದ್ದರು.

"ನಿನ್ನ ಚೀಟಿಯೇ ಸುಳ್ಳು ಕಣಯ್ಯಾ. ಯಾವ ನೀರಿಗೂ ಕೆಂಪಾಗುತ್ತೆ. ನೀರು ಚೆನ್ನಾಗಿದೆ ಅಂತ ಈಗಲೇ ಬರೆದುಕೊಡು" ಎಂದು ಮ್ಯಾನೇಜರು ನೀರುಗಂಟಿಯನ್ನು ಗದರಿದರು.

"ಆಗಲಿ ಸ್ವಾಮಿ. ದಣಿದಿದ್ದೀರಿ, ಮೊದಲು ನೀರು ಕುಡಿಯಿರಿ."

ಮ್ಯಾನೇಜರು ತಾವು ತಂದ ಬಾಟಲಿಯಿಂದಲೇ ಗಟಗಟನೆ ಕುಡಿದು ಅದನ್ನು ಮೇಜಿನ ಮೇಲಿಟ್ಟರು. ನೀರುಗಂಟಿ ಕೆಂಪು ಚೀಟಿಯನ್ನು ಅದರ ಪಕ್ಕಕ್ಕಿಟ್ಟ. ಸುಳ್ಳಾಡಲಿಲ್ಲ ಪುಣ್ಯಾತ್ಮ, ಬಾಯೇ ತೆರೆಯಲಿಲ್ಲ.

ಮ್ಯಾನೇಜರು ಚೀಟಿ ನೋಡಿದರು, ಬಾಟಲಿ ನೋಡಿದರು. ಗಂಟಲಿಗೆ ಬೆರಳು ಹಾಕಿ ಓಕರಿಸುತ್ತಾ, "ಡಾಕ್ಟರನ್ನು ಕರೀರಿ" ಎಂದರು.

"ಯಾಕೆ ಸ್ವಾಮಿ, ಚೀಟಿ ಸುಳ್ಳಲ್ಲವೇ? ಅದು ನಮ್ಮ ಕೊಳವೆಬಾವಿಯದು. ನಿಮ್ಮ ನೀರಿಗೆ ನಾನಿನ್ನೂ ಅದ್ದೇ ಇಲ್ಲ."

ಅಧ್ಯಕ್ಷರು ಪಂಪಿಗೆ ಹಾಕಲು ಬೀಗ ಹುಡುಕಿದರು.