ಹಕ್ಕಿಗಳ ಬಾಣಂತನಕ್ಕೊಂದು ಅಪ್ಪಣೆ

ಬೆಳ್ಳಿಗಟ್ಟದ ಆಸ್ಥಾನದಲ್ಲಿ ನನ್ನನ್ನು ಜಾಣ ಅಪ್ರಮೇಯ ಎನ್ನುತ್ತಾರೆ. ಹಾಗೆ ಮೊದಲು ಕರೆದವನು ನಾನೇ. ಉಳಿದವರಿಗೆ ರೂಢಿಯಾಗಲು ಹನ್ನೊಂದು ವರ್ಷ ಹಿಡಿಯಿತು. ಆ ಜಾಣತನದಿಂದ ನಲವತ್ತು ಮನೆಗಳ ಒಂದು ಊರನ್ನೇ ಒಕ್ಕಲೆಬ್ಬಿಸಹೊರಟ ಕತೆಯನ್ನು, ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಒಂದು ದಿನ ನಮ್ಮ ದೊರೆ ತಿಮ್ಮರಾಜ ನಾಯಕರು ಸಭೆಗೆ ಬಂದವರೇ ಗುಡುಗಿದರು.

“ಪಕ್ಕದ ಸೀಮೆಯ ಪಾಳೇಗಾರ ತನ್ನಲ್ಲಿ ಸಾವಿರ ಹಕ್ಕಿಗೂಡು ಇವೆ ಎಂದು ಮೀಸೆ ತಿರುವುತ್ತಿದ್ದಾನಂತೆ. ನಮ್ಮ ಹುಣಸೆಪಾಳ್ಯದಲ್ಲಿ ಎಷ್ಟಿವೆ?”

“ಎಂಟುನೂರು, ಪ್ರಭು,” ಎಂದೆ.

“ಮುಂದಿನ ವರ್ಷ ಇಮ್ಮಡಿಯಾಗಬೇಕು! ಯಾರು ಮಾಡಿಸುತ್ತೀರಿ?”

ಮಂತ್ರಿಗಳು ನೆಲ ನೋಡಿದರು. ಸೇನಾಪತಿ ಸೂರು ನೋಡಿದ. ನಾನು ಎದ್ದು ನಿಂತೆ. ಎದ್ದು ನಿಲ್ಲುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ; ಯಾಕೆ ಎದ್ದೆ ಎಂದು ಯೋಚಿಸುವುದು ಆಮೇಲೆ.

“ಇದೇನು ಮಹಾ ಕೆಲಸ, ಪ್ರಭು! ಒಂದು ಅಪ್ಪಣೆ ಬರೆದರಾಯಿತು.”

ಕೂತಲ್ಲೇ ಬರೆದೆ. ಹಕ್ಕಿಗಳ ನೆಮ್ಮದಿಗಾಗಿ ಊರವರು ಹುಣ್ಣಿಮೆಯೊಳಗೆ ಊರು ಬಿಡತಕ್ಕದ್ದು. ಸುತ್ತ ಬೇಲಿ, ಬೇಲಿಗೆ ಕಾವಲು. ಕಾವಲಿನವರು ನಿದ್ದೆ ಮಾಡುತ್ತಿಲ್ಲವೆಂದು ತಿಳಿಯಲು ಜಾವಕ್ಕೊಮ್ಮೆ ನಗಾರಿ. ದಿನವೂ ಬೆಳಿಗ್ಗೆ ಏಣಿ ಹಾಕಿ ಗೂಡುಗಳ ಎಣಿಕೆ. ಇಮ್ಮಡಿಯಾಗದಿದ್ದರೆ ಹೊಣೆಗಾರನ ಮೀಸೆ ಬೋಳಿಸತಕ್ಕದ್ದು.

ದೊರೆ ಮುದ್ರೆ ಒತ್ತಿದರು. ಆ ಹೊಣೆಗಾರ ನಾನೇ ಎಂಬುದು ಅರಗು ಆರಿದ ಮೇಲೆ ಹೊಳೆಯಿತು.

ಅಪ್ಪಣೆ ಓದಿ ಹೇಳಲು ಹುಣಸೆಪಾಳ್ಯಕ್ಕೆ ಹೋದೆ. ಹೆಜ್ಜಾರ್ಲೆ, ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುವುದು ಮನೆಮನೆಯ ಹಿತ್ತಲಿನ ಹುಣಸೆಮರಗಳಲ್ಲಿ. ಇದು ಗೊತ್ತಾದದ್ದೂ ಅಲ್ಲಿಗೆ ಹೋದ ಮೇಲೆಯೇ. ಚಿಕ್ಕತಾಯಮ್ಮ ಎಂಬ ಮುದುಕಿ ತನ್ನ ಮರಕ್ಕೆ ಬೆಕ್ಕು ಹತ್ತದಂತೆ ಬುಡಕ್ಕೆ ಮುಳ್ಳು ಕಟ್ಟುತ್ತಿದ್ದಳು. ನಾನು ಓದಿದ್ದನ್ನೆಲ್ಲ ಕೇಳಿ ಕೈಯ ಮುಳ್ಳು ಕೆಳಗಿಟ್ಟಳು.

“ಅಲ್ಲ ಬುದ್ಧಿ, ನಾವ್ ಹೊಂಟೋದ್ರೆ ಇವಕ್ಕೆ ಯಾರವ್ರೆ?”

“ನಿಮ್ಮಿಂದಲೇ ಅಲ್ಲವೇ ಅಜ್ಜಿ ಅವಕ್ಕೆ ತೊಂದರೆ?”

“ನಮ್ಮಿಂದ್ಲಾ? ಇವು ನಮ್ಮೂರ ಹೆಣ್ಮಕ್ಕಳು ಕಣ್ ಬುದ್ಧಿ. ಬಾಣಂತನಕ್ಕೆ ತವರಿಗೆ ಬತ್ತವೆ. ಗೂಡಿಂದ ಮರಿ ಬಿದ್ರೆ ನಾವೇ ಎತ್ತಿ ಮೀನು ತಿನ್ನಿಸ್ತೀವಿ. ಮರಿ ಹಾರೋಗಂಟ ಹುಣಸೇಹಣ್ಣು ಬಡಿಯಾಕಿಲ್ಲ. ಜನ ಇರೋ ತಾವ ಹದ್ದು ಬರಾಕೆ ಅಂಜ್ತದೆ ಅಂತ್ಲೇ ಇವು ಇಲ್ಲಿಗೆ ಬರಾದು. ಅವ್ವ ಇಲ್ದಿರೋ ತವರಿಗೆ ಯಾವ ಮಗಳು ಬಂದಾಳು? ನಾನಾದ್ರೂ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ?”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆಸ್ಥಾನದಲ್ಲಿ ಯಾರಿಗೂ ಕೇಳಬೇಕೆನಿಸದ ಪ್ರಶ್ನೆಯನ್ನು ಈಕೆ ಮುಳ್ಳು ಕೆಳಗಿಟ್ಟು ಕೇಳಿದ್ದಳು. ಹುಣ್ಣಿಮೆಗೆ ಇನ್ನು ಐದೇ ದಿನ.

ತಿರುಗಿ ಬಂದು ದೊರೆಯ ಮುಂದೆ ನಿಂತೆ. “ಪ್ರಭು, ಆ ಅಪ್ಪಣೆಯನ್ನು ಸ್ವಲ್ಪ ತಿದ್ದಿದರೆ…”

“ತಪ್ಪೆನ್ನುತ್ತೀಯಾ? ಮುದ್ರೆ ನನ್ನದು!”

“ಬರಹ ನನ್ನದು, ಪ್ರಭು. ತಪ್ಪೂ ನನ್ನದೇ.”

“ಮುದ್ರೆ ಬಿದ್ದ ಮೇಲೆ ಎಲ್ಲವೂ ನನ್ನದು. ನಾಯಕರ ಅಪ್ಪಣೆ ಹಿಂದಕ್ಕೆ ಬರುವುದಿಲ್ಲ. ಆ ಮಾತು ಬಿಡು. ಮಗಳು ಗೌರಾಜಮ್ಮಣ್ಣಿ ನಾಳೆ ಹೆರಿಗೆಗೆ ಬರುತ್ತಾಳೆ. ಅವಳಿಗೆ ರಾಜ್ಯದಲ್ಲೇ ಅತ್ಯುತ್ತಮ ಬಂದೋಬಸ್ತಾಗಬೇಕು.”

“ರಾಜ್ಯದಲ್ಲೇ ಅತ್ಯುತ್ತಮ ಬಂದೋಬಸ್ತು ಹುಣಸೆಪಾಳ್ಯದ್ದೇ ಅಲ್ಲವೇ, ಪ್ರಭು? ತಾವೇ ಮುದ್ರೆ ಒತ್ತಿದ್ದೀರಿ.”

“ಹೌದಲ್ಲ! ಹಾಗಾದರೆ ಅದನ್ನೇ ಮಾಡು.”

ಮಾಡಿದೆ.

ಮರುದಿನ ಮಧ್ಯಾಹ್ನ ದೊರೆ ಸವಾರಿ ಮುಗಿಸಿ ಬಂದರೆ, ಅರಮನೆಯ ಬಾಗಿಲಾಚೆ ಕಲ್ಲಿನ ಮೇಲೆ ರಾಣಿಯವರು ಹರಳೆಣ್ಣೆ ಗಡಿಗೆ ಹಿಡಿದು ಕೂತಿದ್ದಾರೆ. ಪಕ್ಕದಲ್ಲಿ ಸೂಲಗಿತ್ತಿ. ಒಳಗೆ ನಗಾರಿ, ನಗಾರಿಗೂ ಮಿಗಿಲಾಗಿ ಮಗಳ ಅಳು.

“ಏನಿದು?” ದೊರೆ ಕುದುರೆಯಿಂದ ಹಾರಿದರು.

“ನಿಮ್ಮ ಜಾಣನನ್ನೇ ಕೇಳಿ!” ಎಂದರು ರಾಣಿ. ಅವರು ನನ್ನನ್ನು ನೋಡಿದ ನೋಟ ಈಗಲೂ ಊಟದ ಹೊತ್ತಿಗೆ ನೆನಪಾಗುತ್ತದೆ.

ನಾನು ಓಲೆ ಬಿಚ್ಚಿ ಓದಿದೆ. “ಬಸುರಿಯ ನೆಮ್ಮದಿಗಾಗಿ ಮನೆಯವರು ಮನೆ ಬಿಡತಕ್ಕದ್ದು. ಬಾಗಿಲಿಗೆ ಕಾವಲು. ಜಾವಕ್ಕೊಮ್ಮೆ ನಗಾರಿ. ದಿನವೂ ಬೆಳಿಗ್ಗೆ ಕಿಟಕಿಗೆ ಏಣಿ ಹಾಕಿ ಎಣಿಕೆ. ಗುರಿ: ಹೋದ ಸಲ ಒಂದು ಕೂಸು, ಈ ಸಲ ಎರಡು. ಆಗದಿದ್ದರೆ ಹೊಣೆಗಾರನ ಮೀಸೆ ಬೋಳಿಸತಕ್ಕದ್ದು.”

“ಹೊಣೆಗಾರ ಯಾರೋ?”

“ಅಳಿಯಂದಿರು, ಪ್ರಭು. ಕ್ಷೌರಿಕನಿಗೆ ಹೇಳಿ ಕಳಿಸಿದ್ದೇನೆ.”

“ಮೂರ್ಖಾ! ಅವ್ವನನ್ನೇ ಹೊರಗಟ್ಟಿದರೆ ಯಾವ ಮಗಳು ತವರಿಗೆ ಬರುತ್ತಾಳೆ? ನಗಾರಿ ಬಾರಿಸಿದರೆ ಮಕ್ಕಳು ಇಮ್ಮಡಿಯಾಗುತ್ತವೆಯೇ?”

“ಹುಣಸೆಪಾಳ್ಯದ ಮುದುಕಿಯೊಬ್ಬಳು ಇದನ್ನೇ ಕೇಳಿದಳು, ಪ್ರಭು. ನನಗೆ ಉತ್ತರ ಹೊಳೆಯಲಿಲ್ಲ. ತಮ್ಮಲ್ಲಿದ್ದರೆ ಹೇಳಿ, ಹುಣ್ಣಿಮೆಯೊಳಗೆ ಓಡಿಹೋಗಿ ಹೇಳಿ ಬರುತ್ತೇನೆ.”

ದೊರೆ ನನ್ನನ್ನು ನೋಡಿದರು. ಗಡಿಗೆ ನೋಡಿದರು. ಆಮೇಲೆ ಪೇಟ ಜಾರುವಷ್ಟು ನಕ್ಕರು. ತಾವೇ ಗಡಿಗೆ ಎತ್ತಿಕೊಂಡು ರಾಣಿಯವರನ್ನು ಒಳಗೆ ಕಳಿಸಿ, ನಗಾರಿ ನಿಲ್ಲಿಸಿದರು.

“ಅಪ್ಪಣೆ ಹಿಂದಕ್ಕೆ ಬರುವುದಿಲ್ಲ. ಅದರ ಮೇಲೆ ಹೊಸದು ಬರೆ,” ಎಂದರು.

ಬರೆದೆ. ‘ಊರವರು ಊರಲ್ಲೇ ಇರತಕ್ಕದ್ದು. ಗುರಿ: ಈ ವರ್ಷ ಬಂದ ಹಕ್ಕಿಗೆ ಮುಂದಿನ ವರ್ಷವೂ ಬರಬೇಕೆನಿಸಬೇಕು.’

“ಎಷ್ಟು ಗೂಡು?”

“ಅದನ್ನು ಹಕ್ಕಿಗಳೇ ಹೇಳುತ್ತವೆ, ಪ್ರಭು.”

ದೊರೆ ಮೆಚ್ಚಿ ಕೊರಳ ಸರ ತೆಗೆದು ನನ್ನತ್ತ ಚಾಚಿದರು. ನಾನೂ ಕತ್ತು ಬಗ್ಗಿಸಿದೆ.

“ನಿಲ್ಲಿ!” ಒಳಗಿನಿಂದ ರಾಣಿಯವರ ದನಿ. “ಸರ ಆ ಅಜ್ಜಿಗೆ ಹೋಗಲಿ. ನನ್ನನ್ನು ಬಾಗಿಲಾಚೆ ಕೂರಿಸಿದ ಇವನು ಅವಳ ಹುಣಸೆಮರದ ಕೆಳಗೆ ಮೂರು ತಿಂಗಳು ಕೂತು ಗೂಡು ಕಾಯಲಿ. ಜಾಣನಿಗೆ ಶಾಲು ಹೊದಿಸುವ ಕೆಲಸ ಹಕ್ಕಿಗಳೇ ನೋಡಿಕೊಳ್ಳುತ್ತವೆ.”

ನೋಡಿಕೊಂಡವು. ದಿನಕ್ಕೆ ಮೂರು ಸಲ, ಬೆಳ್ಳಗೆ, ನೆತ್ತಿಯಿಂದಲೇ.