ಹರಿಗೋಲು ದಡ ಸೇರುವವರೆಗೆ

ಸುಬೇದಾರ್ ದ್ಯಾವಯ್ಯನವರನ್ನು ಹೊಳೆದಂಡೆಯ ಆಶ್ರಮಕ್ಕೆ ಕರೆತಂದವಳು ಅವರ ಮಗಳು ಪುಟ್ಟಗೌರಿ. ಸೇನೆಯಿಂದ ನಿವೃತ್ತರಾಗಿ ಎಷ್ಟೋ ವರ್ಷ ಕಳೆದಿದ್ದರೂ ಅವರ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

“ಮನೆಯಲ್ಲಿ ಕೂರೋದೇ ಇಲ್ಲ, ಗುರುಗಳೇ. ಅಂಗಳ, ಬೀದಿ, ಮತ್ತೆ ಅಂಗಳ. ಇಲ್ಲಿ ನೀರಿದೆ, ನೆರಳಿದೆ. ಅಪ್ಪ ಸ್ವಲ್ಪ ದಿನ ಇರಲಿ,” ಅಂದಳು.

“ಇರಲಿ,” ಅಂದರು ಗುರುಗಳು. ಪಕ್ಕದಲ್ಲಿದ್ದ ಶಿಷ್ಯ ಶಂಭುಲಿಂಗನ ಕಡೆ ತಿರುಗಿ, “ಇವರನ್ನು ನೋಡಿಕೋ,” ಅಂದರು.

ಶಂಭುಲಿಂಗ ನೋಡಿಕೊಂಡ. ನೋಡಿಕೊಂಡಷ್ಟೂ ಅವನ ತಾಳ್ಮೆ ಸವೆಯಿತು.

ಅವನಿಗೆ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು. ಧ್ಯಾನದ ಗಂಟೆ ಬಾರಿಸುವವನು ಅವನೇ, ಊಟದ ಪಂಕ್ತಿ ಹಾಕುವವನೂ ಅವನೇ. ಮನಸ್ಸಿಗೆ ನೆಮ್ಮದಿ ಬೇಕೆಂದು ಆಶ್ರಮ ಸೇರಿದ್ದ. ನೆಮ್ಮದಿ ಸಿಕ್ಕಿರಲಿಲ್ಲ, ಕೆಲಸ ಸಿಕ್ಕಿತ್ತು.

ದ್ಯಾವಯ್ಯ ಧ್ಯಾನಕ್ಕೆ ಬಂದರೆ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದರು. ಉಳಿದವರು ಕಣ್ಣು ಮುಚ್ಚಿದರೆ ಅವರು ತೆರೆದೇ ಇರುತ್ತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಅದನ್ನೂ ಶಂಭುಲಿಂಗ ಸಹಿಸಿಕೊಂಡ. ಸಹಿಸಲಾಗದ್ದು ಸಂಜೆಯ ಊಟದ ವಿಷಯ.

ಊರಿನವರು ಆಚೆ ದಡದ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. ಬೆಳಿಗ್ಗೆ ಹರಿಗೋಲಿನಲ್ಲಿ ಹೋದವರು ಕತ್ತಲಾಗುವ ಮುಂಚೆ ಹರಿಗೋಲಿನಲ್ಲೇ ವಾಪಸು ಬರುತ್ತಿದ್ದರು. ಕೊನೆಯ ಹರಿಗೋಲು ಬಂದು ಎಲ್ಲರೂ ಇಳಿಯುವವರೆಗೆ ದ್ಯಾವಯ್ಯ ಹೊಳೆಯ ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ಆಮೇಲೇ ಊಟ.

“ಅನ್ನ ಆರಿಹೋಗುತ್ತೆ, ಬನ್ನಿ,” ಅಂತ ಶಂಭುಲಿಂಗ ಕರೆಯುತ್ತಿದ್ದ.

“ನೀವು ಮಾಡಿ ಸ್ವಾಮಿ. ನಾನು ಬರ್ತೀನಿ.”

“ನಿಮ್ಮ ಪೈಕಿ ಯಾರಾದರೂ ಬರಬೇಕಾ?”

“ಇಲ್ಲ.”

ಒಂದು ದಿನ ಶಂಭುಲಿಂಗ ಗುರುಗಳ ಮುಂದೆ ನಿಂತ.

“ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು ಅನ್ನೋದು ಆಶ್ರಮದ ಪದ್ಧತಿ. ಇವರೊಬ್ಬರಿಂದ ಪದ್ಧತಿ ಕೆಡುತ್ತಿದೆ.”

“ಹೌದಲ್ಲ,” ಅಂದರು ಗುರುಗಳು. “ಇವತ್ತಿನಿಂದ ಅವರು ಬಂದ ಮೇಲೆ ಎಲ್ಲರಿಗೂ ಎಲೆ ಹಾಕು.”

ಅಂದು ಎಲ್ಲರೂ ಹಸಿದುಕೊಂಡು ಕೂತರು. ಗುರುಗಳೂ ಕೂತರು. ಶಂಭುಲಿಂಗ ಅಡುಗೆಮನೆಗೂ ಮೆಟ್ಟಿಲಿಗೂ ಓಡಾಡುತ್ತ, ಸಾರನ್ನು ಮತ್ತೆ ಮತ್ತೆ ಬಿಸಿ ಮಾಡಿದ. ಅದು ಬತ್ತಿ ಗಟ್ಟಿಯಾಯಿತು.

ಹೀಗಿರುವಾಗ ಪಕ್ಕದ ಪಟ್ಟಣದಿಂದ ಪುರಸಭೆಯ ಅಧ್ಯಕ್ಷರು ಒಂದಿಬ್ಬರ ಜೊತೆ ಬಂದರು. ಆಶ್ರಮದಲ್ಲಿ ಮಾಜಿ ಸೈನಿಕರೊಬ್ಬರು ಇದ್ದಾರೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಹೊಳೆದಂಡೆಯಲ್ಲೇ ವೇದಿಕೆ ಹಾಕಿಸಿ ಸನ್ಮಾನ ಮಾಡುತ್ತೇವೆ ಅಂದರು. ಅಭಿನಂದನೆಯ ಮಾತನ್ನು ಶಂಭುಲಿಂಗ ಆಡಬೇಕೆಂದು ಕೇಳಿಕೊಂಡರು.

ಶಂಭುಲಿಂಗನ ಕಂಠ ಚೆನ್ನಾಗಿತ್ತು. ಅದು ಅವನಿಗೂ ಗೊತ್ತಿತ್ತು. ಒಪ್ಪಿಕೊಂಡ.

ಮಾತಿಗೆ ಸಾಮಗ್ರಿ ಬೇಕಲ್ಲ. ದ್ಯಾವಯ್ಯನವರನ್ನು ಹುಡುಕಿಕೊಂಡು ಹೋದ. ಅವರು ದಂಡೆಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದರು. ಅವನೂ ಹೆಜ್ಜೆ ಹಾಕಿದ.

“ಸೇನೆಯಲ್ಲಿ ಏನು ಮಾಡಿದಿರಿ, ಹೇಳಿ.”

“ನಿಂತಿದ್ದೆ.”

“ಎಲ್ಲಿ?”

“ಹೇಳಿದ ಕಡೆ. ಹೆಚ್ಚು ಕಾಲ ಹಿಮದ ಮೇಲೆ.”

“ಅಲ್ಲಿ ಏನಾಯಿತು?”

“ಏನೂ ಆಗಲಿಲ್ಲ.”

“ಯುದ್ಧ?”

“ನಾನಿದ್ದ ಕಡೆ ಆಗಲಿಲ್ಲ.”

ಶಂಭುಲಿಂಗ ಪೆಚ್ಚಾದ. “ಜನ ಕೇಳೋ ಹಾಗೆ ಏನಾದರೂ ಒಂದು ನೆನಪಿಸಿಕೊಳ್ಳಿ,” ಅಂದ.

ದ್ಯಾವಯ್ಯ ದಂಡೆಯ ತುದಿಯವರೆಗೆ ನಡೆದರು.

“ಪೂರಣ್ ಅಂತ ಒಬ್ಬನಿದ್ದ. ಗುಡ್ಡಗಾಡಿನವನು. ಅವನು ಮಾಡಿದ ರೊಟ್ಟಿ ಹಲ್ಲಿಗೆ ಬಗ್ಗುತ್ತಿರಲಿಲ್ಲ. ಆದರೂ ನಾನೇ ಮಾಡ್ತೀನಿ ಅಂತ ಜಗಳ ಆಡೋನು. ಒಂದು ಮಧ್ಯಾಹ್ನ ಕೆಳಗಿನ ಠಾಣೆಯಿಂದ ಸೀಮೆಎಣ್ಣೆ ತರೋಕೆ ಹೋದ. ಸಂಜೆ ಊಟಕ್ಕೆ ಇರ್ತೀನಿ ಅಂದಿದ್ದ. ನಾನು ಅನ್ನ ಮಾಡಿ ಕಾದೆ.”

“ಆಮೇಲೆ?”

“ಹಿಮ ಜಾರಿತು. ಅಗೆದು ನೋಡಿದೆವು. ಸಿಗಲಿಲ್ಲ. ಚಳಿಗಾಲ ಮುಗಿದ ಮೇಲೆ ನಮ್ಮನ್ನು ಕೆಳಗಿಳಿಸಿದರು. ನಾವೆಲ್ಲ ಬಂದೆವು. ಅವನು ಅಲ್ಲೇ ಇದ್ದಾನೆ.”

ಶಂಭುಲಿಂಗ ಏನೋ ಕೇಳಲು ಬಾಯಿ ತೆರೆದ. ದ್ಯಾವಯ್ಯ ಆಗಲೇ ತಿರುಗಿ ಮೆಟ್ಟಿಲ ಕಡೆ ಹೊರಟಿದ್ದರು. ಹೊತ್ತು ಇಳಿಯುತ್ತಿತ್ತು.

ಅವನು ಗುರುಗಳ ಹತ್ತಿರ ಬಂದ.

“ಇವರ ಹತ್ತಿರ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಗುರುಗಳೇ. ಪದಕ ಇಲ್ಲ, ಯುದ್ಧ ಇಲ್ಲ. ಸೀಮೆಎಣ್ಣೆಗೆ ಹೋದವನ ಕಥೆಯನ್ನು ವೇದಿಕೆಯ ಮೇಲೆ ಹೇಗೆ ಹೇಳಲಿ? ಯಾವುದಕ್ಕೆ ಅಂತ ಕೃತಜ್ಞತೆ ಹೇಳಲಿ?”

ಗುರುಗಳು ತುಳಸಿಗೆ ನೀರು ಹಾಕುತ್ತಿದ್ದರು.

“ನಿನ್ನೆ ನಮ್ಮೂರಲ್ಲಿ ಏನಾಯಿತು, ಶಂಭು?”

“ಏನೂ ಆಗಲಿಲ್ಲ.”

“ಮೊನ್ನೆ?”

“ಏನೂ ಇಲ್ಲ.”

“ಅದು ತಾನಾಗಿಯೇ ಆಯಿತೇ?”

ಶಂಭುಲಿಂಗನ ಮುಖ ಅರಳಿತು. “ಆಹಾ, ಇದು ಚೆನ್ನಾಗಿದೆ. ಇದರಿಂದಲೇ ಶುರು ಮಾಡುತ್ತೇನೆ,” ಅಂದವನೇ ಕಾಗದ ಹುಡುಕಲು ಒಳಗೆ ಓಡಿದ.

ಗುರುಗಳು ಅವನು ಹೋದ ಬಾಗಿಲನ್ನು ನೋಡಿದರು. ತಂಬಿಗೆಯಲ್ಲಿ ಉಳಿದಿದ್ದ ನೀರನ್ನೂ ಗಿಡಕ್ಕೆ ಸುರಿದರು.

ಸನ್ಮಾನದ ದಿನ ಬಂತು. ಹೊಳೆಯ ಪಕ್ಕದ ಬಯಲಿನಲ್ಲಿ ಶಾಮಿಯಾನ ಎದ್ದಿತು. ಬಣ್ಣದ ಬಟ್ಟೆ ಹೊದಿಸಿದ ದೊಡ್ಡ ಕುರ್ಚಿ, ತಟ್ಟೆಯಲ್ಲಿ ಶಾಲು, ಹಣ್ಣು, ಗಂಧದ ಹಾರ. ಜನ ತುಂಬಾ ಸೇರಿದ್ದರು. ಅಧ್ಯಕ್ಷರು ಬರುವುದು ತಡವಾಗಿ, ಕಾರ್ಯಕ್ರಮ ಶುರುವಾಗುವಾಗ ಬಿಸಿಲು ಹಳದಿಗೆ ತಿರುಗಿತ್ತು.

ದ್ಯಾವಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅಧ್ಯಕ್ಷರ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ದ್ಯಾವಯ್ಯನವರ ಮೊಣಕಾಲು ಅಲ್ಲಾಡತೊಡಗಿತು. ಶಂಭುಲಿಂಗ ಪಕ್ಕದಿಂದ ಅದನ್ನೇ ನೋಡುತ್ತಿದ್ದ.

ಹೊಳೆ ಕಪ್ಪಾಗುತ್ತ ಬಂತು. ಹರಿಗೋಲು ಬಂದಿರಲಿಲ್ಲ.

ದ್ಯಾವಯ್ಯ ಎದ್ದರು. ಅಧ್ಯಕ್ಷರಿಗೆ ಕೈಮುಗಿದರು. ವೇದಿಕೆ ಇಳಿದು ಮೆಟ್ಟಿಲ ಕಡೆ ನಡೆದುಬಿಟ್ಟರು.

ಶಂಭುಲಿಂಗ ಹಿಂದೆಯೇ ಓಡಿದ.

“ಎಲ್ಲಿಗೆ ಹೊರಟಿರಿ? ಈಗ ಶಾಲು ಹೊದಿಸುತ್ತಾರೆ.”

“ಹರಿಗೋಲು ಬಂದಿಲ್ಲ.”

“ಬರುತ್ತೆ ಬಿಡಿ. ಅಷ್ಟೊಂದು ಜನ ನಿಮಗಾಗಿ ಬಂದಿದ್ದಾರೆ.”

“ಅವರೆಲ್ಲ ಬಂದಿದ್ದಾರಲ್ಲ,” ಅಂದರು ದ್ಯಾವಯ್ಯ. ಕಣ್ಣು ನೀರಿನ ಮೇಲೇ ಇತ್ತು.

“ಇದು ಅವರಿಗೆ ಅವಮಾನ ಮಾಡಿದ ಹಾಗೆ.”

“ತಪ್ಪು ತಿಳೀಬೇಡಿ ಅಂತ ಹೇಳಿ.”

ಶಂಭುಲಿಂಗನಿಗೆ ತಡೆಯಲಾಗಲಿಲ್ಲ. ತೋಳು ಹಿಡಿದು ಎಳೆದ. ಹಿಡಿದ ಕೈಯನ್ನು ತಕ್ಷಣ ಸಡಿಲಿಸಿದ. ಅಂಗಿಯೊಳಗೆ ಆ ತೋಳು ನಡುಗುತ್ತಿತ್ತು. ಮುಖದಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ.

ಅವನು ವಾಪಸು ಬಂದು ಗುರುಗಳ ಕಿವಿಯಲ್ಲಿ ಹೇಳಿದ: “ಅವರು ಬರುತ್ತಿಲ್ಲ. ನೀವು ಕರೆದರೆ ಬಂದಾರು.”

ಗುರುಗಳು ಎದ್ದರು. ನಿಧಾನಕ್ಕೆ ವೇದಿಕೆ ಇಳಿದು ಹೊಳೆಯ ಕಡೆ ಹೋದರು. ಕರೆಯಲಿಲ್ಲ. ದ್ಯಾವಯ್ಯನವರ ಪಕ್ಕದಲ್ಲಿ ಹೋಗಿ ನಿಂತುಕೊಂಡರು.

ಜನರಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರಿಗೆ ಇನ್ನೊಂದು ಕಡೆ ಹೋಗಬೇಕಿತ್ತು. “ಕುರ್ಚಿಗೇ ಹೊದಿಸಿಬಿಡೋಣ, ಅವರಿಗೇ ಸಂದಂತೆ,” ಅಂದರು. ಶಾಲನ್ನು ಖಾಲಿ ಕುರ್ಚಿಗೆ ಹೊದಿಸಿ, ಹಾರ ಹಾಕಿದರು. ಫೋಟೋ ತೆಗೆದರು.

ಮೈಕನ್ನು ಶಂಭುಲಿಂಗನ ಕೈಗೆ ಕೊಟ್ಟರು.

ಅವನು ಕಾಗದ ಬಿಡಿಸಿದ. “ಮಹನೀಯರೇ, ನಿನ್ನೆ ನಮ್ಮೂರಿನಲ್ಲಿ ಏನಾಯಿತು? ಏನೂ ಆಗಲಿಲ್ಲ. ಅದು ತಾನಾಗಿಯೇ ಆಯಿತೇ?”

ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲಲಿ ಎಂದು ಅವನು ತಲೆಯೆತ್ತಿದ. ಎದುರಿಗೆ ಹಾರ ಹಾಕಿದ ಕುರ್ಚಿ. ಅದರಾಚೆ, ಮೆಟ್ಟಿಲ ಮೇಲೆ, ಎರಡು ಬೆನ್ನುಗಳು. ಎರಡೂ ಅಲುಗುತ್ತಿರಲಿಲ್ಲ.

ಮುಂದಿನ ಸಾಲು ಕಣ್ಣ ಮುಂದೆಯೇ ಇತ್ತು. ತಾನು ಯಾರಿಗೆ ಹೇಳುತ್ತಿದ್ದೇನೆ ಅನ್ನಿಸಿತು. ಕೇಳಬೇಕಾದವರು ಅಲ್ಲಿರಲಿಲ್ಲ. ಇದ್ದಿದ್ದರೂ, ಈ ಮಾತಿನಿಂದ ಆ ತೋಳಿನ ನಡುಕ ನಿಲ್ಲುತ್ತಿತ್ತೇ?

“ಕ್ಷಮಿಸಿ,” ಅಂದು ಮೈಕನ್ನು ಕೆಳಗಿಟ್ಟ. ಕಾಗದವನ್ನು ಜೇಬಿಗೆ ತುರುಕಿಕೊಂಡು ಮೆಟ್ಟಿಲ ಕಡೆ ಹೋದ.

ಗುರುಗಳು ಸ್ವಲ್ಪ ಸರಿದು ಜಾಗ ಕೊಟ್ಟರು.

ನಿಂತ. ನಿಲ್ಲುವುದು ಇಷ್ಟು ಕಷ್ಟ ಅಂತ ಅವನಿಗೆ ಗೊತ್ತಿರಲಿಲ್ಲ. ಸೊಳ್ಳೆ ಕಚ್ಚಿತು. ಕಾಲು ಬದಲಿಸಿದ. ಹಿಂದೆ ಜನ ಎದ್ದು ಹೋಗುವ ಸದ್ದು, ಕಾರುಗಳು ಹೊರಡುವ ಸದ್ದು ಕೇಳಿತು. ನಾಳೆ ಎಲ್ಲರೂ ಏನನ್ನುತ್ತಾರೋ ಅನ್ನಿಸಿತು. ಒಲೆಯ ಮೇಲಿಟ್ಟ ಬೇಳೆ ನೆನಪಾಯಿತು. ಮತ್ತೆ ಕಾಲು ಬದಲಿಸಿದ.

“ಯಾರು ಯಾರು ಹೋಗಿದ್ದಾರೆ, ಆಚೆಗೆ?” ಕೇಳಿದ.

“ಕಳೆ ಕೀಳೋ ಹೆಂಗಸರು,” ಅಂದರು ದ್ಯಾವಯ್ಯ. “ಕೆಂಪಿಗೆ ಎರಡು ದಿನದಿಂದ ಜ್ವರ. ಇವತ್ತೂ ಹೋಗಿದ್ದಾಳೆ. ಅಂಗನವಾಡಿ ಟೀಚರಮ್ಮ ಇದ್ದಾರೆ. ಅಂಬಿಗ ತಿಮ್ಮಣ್ಣ.”

ಶಂಭುಲಿಂಗ ಅವರನ್ನೆಲ್ಲ ದಿನವೂ ನೋಡಿದ್ದವನೇ. ಹೆಸರು ಕೇಳಿದ ಮೇಲೆ ನೀರು ಬೇರೆಯಾಗಿ ಕಂಡಿತು. ಅಗಲವಾಗಿ, ಕಪ್ಪಾಗಿ. ಒಂದು ಮರದ ತುಂಡು ತೇಲಿಬಂದರೂ ಒಂದು ಮೆಟ್ಟಿಲು ಕೆಳಗಿಳಿದು ನೋಡಿದ.

“ಯಾಕೆ ಇಷ್ಟು ತಡ?” ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು.

ಈಗ ಅವನಿಗೆ ಮೆಟ್ಟಿಲು ಬಿಟ್ಟು ಹೋಗುವ ಯೋಚನೆಯೇ ಬರಲಿಲ್ಲ.

ಕೊನೆಗೆ ಹುಟ್ಟು ಹಾಕುವ ಸದ್ದು ಕೇಳಿತು. ಆಮೇಲೆ ಹೆಂಗಸರ ಮಾತು. ಆಮೇಲೆ ಹರಿಗೋಲು.

ಒಬ್ಬೊಬ್ಬರಾಗಿ ಇಳಿದರು. ಕೆಂಪಿಯನ್ನು ಇಬ್ಬರು ಹಿಡಿದು ಇಳಿಸಿದರು. ಸೀರೆಯ ಅಂಚು ಒದ್ದೆಯಾಯಿತೆಂದು ಟೀಚರಮ್ಮ ಗೊಣಗುತ್ತಿದ್ದರು. ತೋಟದಲ್ಲಿ ಕೆಲಸ ಹೆಚ್ಚಿತ್ತು, ತಡವಾಗಿ ಬಿಟ್ಟರು, ಅಂದ ತಿಮ್ಮಣ್ಣ.

ಕೆಂಪಿ ಮೂವರನ್ನೂ ನೋಡಿದಳು. “ಯಾಕೆ ಎಲ್ಲರೂ ಇಲ್ಲಿ ನಿಂತಿದ್ದೀರಾ? ಏನಾಯ್ತು?”

“ಏನೂ ಇಲ್ಲ ತಾಯಿ,” ಅಂದರು ದ್ಯಾವಯ್ಯ. “ಹೋಗು, ಬೆಚ್ಚಗೆ ಮಲಕ್ಕೋ.”

ಎಲ್ಲರೂ ಹೋದರು. ತಿಮ್ಮಣ್ಣ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದ. ದ್ಯಾವಯ್ಯ ಇನ್ನೂ ನೀರನ್ನೇ ನೋಡುತ್ತಿದ್ದರು.

“ಎಲ್ಲರೂ ಬಂದರಲ್ಲ?” ಶಂಭುಲಿಂಗ ಮೆಲ್ಲಗೆ ಕೇಳಿದ.

“ಇವರೆಲ್ಲ ಬಂದರು,” ಅಂದರು ದ್ಯಾವಯ್ಯ.

ಶಂಭುಲಿಂಗ ತಲೆ ತಗ್ಗಿಸಿದ.

“ಪೂರಣ್‌ಗೆ ತಾಯಿ ಇದ್ದರಾ?” ಅಂತ ಕೇಳಿದ.

ದ್ಯಾವಯ್ಯ ಅವನ ಕಡೆ ತಿರುಗಿದರು. ಆಶ್ರಮಕ್ಕೆ ಬಂದ ಮೇಲೆ ಅವನ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು.

“ಇದ್ದರು. ಅವನ ರೊಟ್ಟಿಯನ್ನು ಅವರೊಬ್ಬರೇ ಹೊಗಳುತ್ತಿದ್ದರಂತೆ.”

ಒಳಗೆ ಎಲೆ ಹಾಕಿ ಆಗಿತ್ತು. ಬೇಳೆ ತಳಹಿಡಿದಿತ್ತು. ಶಂಭುಲಿಂಗ ಬಡಿಸುತ್ತ ಬಂದ. ದ್ಯಾವಯ್ಯನವರ ಎಲೆಗೆ ತಳ ಹಿಡಿಯದ ಬೇಳೆಯನ್ನು ಮೇಲಿನಿಂದ ತೆಗೆದು ಬಡಿಸಿದ. ಅವರು ಎಲೆಯನ್ನು ತುಸು ಹತ್ತಿರ ಎಳೆದುಕೊಂಡು ಉಂಡರು.

ಊಟವಾದ ಮೇಲೆ ಗುರುಗಳು ಜಗಲಿಯ ತುದಿಯಲ್ಲಿ ಕೈ ತೊಳೆಯುತ್ತಿದ್ದರು. ಶಂಭುಲಿಂಗ ತಂಬಿಗೆ ಹಿಡಿದು ನೀರು ಹಾಕಿದ.

“ಗುರುಗಳೇ, ನಾನು ಅಭಿನಂದನೆಯ ಮಾತನ್ನು ಮುಗಿಸಲಿಲ್ಲ.”

“ಹ್ಞೂಂ.”

“ಶಾಲು ಕುರ್ಚಿಯ ಮೇಲೇ ಇದೆ. ತಂದು ಹೊದಿಸಲೇ?”

“ಅವರಿಗೆ ಚಳಿಯಾಗುತ್ತಿದೆಯೇ?”

“ಇಲ್ಲ.”

ಗುರುಗಳು ಟವೆಲಿಗೆ ಕೈ ಒರೆಸಿಕೊಂಡರು.

“ಮತ್ತೇನು ಮಾಡಲಿ? ಇಷ್ಟು ದಿನ ಅವರ ಚಡಪಡಿಕೆ ಕಂಡು ರೇಗುತ್ತಿದ್ದೆ. ಈಗ ಅದು ನನ್ನೊಳಗೇ ಬಂದು ಕೂತಂತಿದೆ.”

“ನಾಳೆ ಸಂಜೆ ಅವರನ್ನು ಹೊತ್ತಿಗೆ ಸರಿಯಾಗಿ ಊಟಕ್ಕೆ ಕಳಿಸು. ಮೆಟ್ಟಿಲ ಮೇಲೆ ನೀನು ನಿಲ್ಲು.”

“ಅವರು ಹೋಗುವುದಿಲ್ಲ, ಗುರುಗಳೇ. ನಾನು ಹೇಳಿದರೆ ಖಂಡಿತ ಹೋಗುವುದಿಲ್ಲ.”

“ನೀನು ನಿಂತಿದ್ದೀಯ ಅನ್ನುವ ನಂಬಿಕೆ ಬಂದ ದಿನ ಹೋಗುತ್ತಾರೆ,” ಅಂದರು ಗುರುಗಳು. “ಅಲ್ಲಿಯವರೆಗೆ ಇಬ್ಬರೂ ನಿಲ್ಲಿ.”